ಮಸಿಯಡಿಯ ಬಾವುಟ

"ಯಾವ ದೇಶದ್ದು ಅಂತ ಮೊದಲು ಗೊತ್ತಾಗಬೇಕಪ್ಪ," ಎಂದು ಮಗಳು ಹೇಳಿದ್ದೇ ತಡ, ಬಡಗಿಯಾದ ಅಪ್ಪ ಮಂಡಿಯೂರಿ ರಾಕೆಟ್ಟಿನ ತುಂಡಿನ ಮಸಿಯನ್ನು ಅಂಗಿತೋಳಿನಿಂದ ಒರೆಸತೊಡಗಿದ. ಆಕಾಶದಿಂದ ಬಿದ್ದ ಆ ತುಂಡು ಶೆಡ್ಡಿನ ಸೂರು ಸೀಳಿ, ಮನೆಮಂದಿಗೆಲ್ಲ ಅನ್ನ ಹಾಕುತ್ತಿದ್ದ ಮರ ಕೊಯ್ಯುವ ಯಂತ್ರವನ್ನು ಜಜ್ಜಿಹಾಕಿತ್ತು.

ಬ್ಯಾಂಕಿನ ಕೆಲಸ ಬಿಟ್ಟು ಬಾಹ್ಯಾಕಾಶದ ಕಾನೂನು ಓದಲು ಹೊರಟವಳನ್ನು "ಆಕಾಶಕ್ಕೆ ಏಣಿ ಹಾಕ್ತಾಳಂತೆ" ಎಂದು ಆಡಿಕೊಂಡಿದ್ದ ಚಿಕ್ಕಪ್ಪ, "ನೀನು ಓದಿದ್ದು ಸಾರ್ಥಕ ಆಯ್ತು ಕಣೇ, ಪರಿಹಾರ ವಸೂಲಿ ಮಾಡಿಬಿಡು," ಎಂದ.

ಮಸಿಯಡಿ ಬಾವುಟ ಕಂಡಿತು. "ಅರೆ, ನಮ್ಮ ದೇಶದ್ದೇ!" ಅಪ್ಪನ ಮುಖ ಅರಳಿತು. "ನಮ್ಮವರೇ ಅಂದ್ಮೇಲೆ ಸುಲಭ ಆಯ್ತಲ್ಲ ಮಗಳೇ?"

"ಇಲ್ಲಪ್ಪ. ಬೇರೆ ದೇಶದ್ದು ಬಿದ್ರೆ ಮಾತ್ರ ನಾನು ಓದಿದ ಕಾನೂನು ನಡೆಯೋದು. ನಮ್ಮದು ನಮ್ಮ ಮೇಲೇ ಬಿದ್ರೆ ನಡೆಯಲ್ಲ."

ಅಡಿಯಲ್ಲಿ ಬೇರೆ ಬಾವುಟ ಇದ್ದೀತೇನೋ ಎಂಬಂತೆ ಅಪ್ಪ ಇನ್ನೂ ಜೋರಾಗಿ ಉಜ್ಜತೊಡಗಿದ.