ಚಲುವಮ್ಮನ ಬಿಳಿ ಸೀರೆ

ಬಟ್ಟೆ ಒಗೆಯುವ ಮಿಷನ್ನಿನ ಗಾಜಿನ ಬಾಗಿಲೊಳಗೆ ನೀರು ಕೆಂಪಗೆ ತಿರುಗಿದ್ದನ್ನು ಮೊದಲು ಕಂಡವಳು ಏಳು ವರ್ಷದ ಧನುಶ್ರೀ. "ಅಮ್ಮಾ, ಮಿಷನ್ನು ಓಕುಳಿ ಆಡ್ತಾ ಐತೆ," ಎಂದಳು. ತಿರುಗಿ ನೋಡಲು ಭಾಗ್ಯಳಿಗೆ ಪುರುಸೊತ್ತೆಲ್ಲಿ? ಮೂರು ವರ್ಷದ ಮಗ ಶರತ್ ಪಕ್ಕದ ಖಾಲಿ ಮಿಷನ್ನಿನೊಳಗೆ ತಲೆ ತೂರಿಸಿ ಕೂ ಎಂದು ಕೂಗುತ್ತಿದ್ದ, ಅವಳು ಅವನ ಎರಡೂ ಕಾಲು ಹಿಡಿದು ಆಚೆಗೆ ಎಳೆಯುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಅದೇ ಪುಣ್ಯಾತ್ಮ ಶರತ್. ಅವತ್ತು ಬುದ್ಧ ಪೂರ್ಣಿಮೆ. ನಾಲ್ಕು ಗಂಟೆಗೆ ಅರಸೀಕೆರೆಯ ಸಮುದಾಯ ಭವನದಲ್ಲಿ ಬುದ್ಧ ವಂದನೆ. ಎಲ್ಲರೂ ಬಿಳಿ ಉಟ್ಟು ಬರಬೇಕು, ಧನುಶ್ರೀ ಮೈಕಿನ ಮುಂದೆ ನಿಂತು ಪಂಚಶೀಲ ಹೇಳಬೇಕು. ಇಸ್ತ್ರಿ ಮಾಡಿಸಿಟ್ಟಿದ್ದ ಮನೆಮಂದಿಯ ಬಿಳಿ ಬಟ್ಟೆಯ ಮೇಲೆ ಬೆಳಿಗ್ಗೆ ಶರತ್ ಒಂದು ಪಾತ್ರೆ ರಾಗಿ ಅಂಬಲಿ ಸುರಿದಿದ್ದ. ನಲ್ಲಿಯಲ್ಲಿ ನೀರು ಬಂದು ಒಂಬತ್ತು ದಿನ, ಡ್ರಮ್ಮು ಬಡಿದರೆ ಢಣ್ ಎನ್ನುತ್ತಿತ್ತು. ಗಂಡ ಭೀಮರಾಜ್ ಭವನದಲ್ಲಿ ಕುರ್ಚಿ ಹಾಕಿಸಲು ಹೋಗಿದ್ದ. ಇನ್ನೇನು ಮಾಡುತ್ತಾಳೆ, ಬಸ್ ಸ್ಟ್ಯಾಂಡಿನ ಹಿಂದೆ ಹೊಸದಾಗಿ ತೆರೆದಿದ್ದ, ಒಗೆದು ಒಣಗಿಸುವ ಮಿಷನ್ನುಗಳ ಅಂಗಡಿಗೆ ಬಟ್ಟೆಯ ಗಂಟು ಹೊತ್ತು ನಡೆದಳು. ಹಿಂದೆ ಎರಡು ಮಕ್ಕಳು, ಅವರ ಹಿಂದೆ ಮಿಷನ್ನು ಹೇಗೆ ಒಗೆಯುತ್ತದೋ ನೋಡಲೇಬೇಕೆಂದು ಹಟ ಹಿಡಿದ ಅತ್ತೆ ಚಲುವಮ್ಮ.

ನಿಜ ಹೇಳಬೇಕೆಂದರೆ ಭಾಗ್ಯಳ ಜೀವವೆಲ್ಲ ಇದ್ದದ್ದು ಆ ಗಂಟಿನೊಳಗಿನ ಒಂದು ಸೀರೆಯ ಮೇಲೆ. ಆರು ವರ್ಷದಿಂದ ಚಲುವಮ್ಮ ಬಣ್ಣದ ಸೀರೆಯಲ್ಲೇ ಭವನಕ್ಕೆ ಬಂದು, ಬಾಗಿಲ ಹತ್ತಿರ ಚಪ್ಪಲಿ ಕಾಯುವವಳ ಹಾಗೆ ಕೂರುತ್ತಿದ್ದಳು. ಗಂಡ ಜವರಪ್ಪ ಗುಂಡುಕಲ್ಲಿನಂತೆ ಗಟ್ಟಿಯಾಗಿರುವಾಗ ತಾನು ಬಿಳಿ ಉಡುವ ಕರ್ಮವೇನು ಎಂಬುದು ಅವಳ ವಾದ. ಅತ್ತೆಯನ್ನು ಅಲ್ಲಿ ಬಿಟ್ಟು ತಾವೆಲ್ಲ ಮುಂದೆ ಕೂರುವುದು ಭಾಗ್ಯಳಿಗೆ ಒಂದು ಸಲವೂ ಮನಸ್ಸಿಗೆ ಒಗ್ಗಿರಲಿಲ್ಲ. ಈ ವರ್ಷ ಮೊಮ್ಮಗಳು ಮೈಕು ಹಿಡಿಯುತ್ತಾಳೆಂದು ಚಲುವಮ್ಮ ಅಂತೂ ಇಂತೂ ಒಪ್ಪಿದ್ದಳು, ಕಷಾಯ ಕುಡಿಯುವವಳ ಮುಖ ಮಾಡಿಕೊಂಡು. ಮನಸ್ಸು ಬದಲಾಯಿಸುವ ಮೊದಲೇ ಎಂದು ಭಾಗ್ಯ ಹೊಸ ಬಿಳಿ ಸೀರೆ ತಂದುಕೊಟ್ಟಿದ್ದಳು.

ಜೇಬು ನೋಡಿ ಬಟ್ಟೆ ಹಾಕಿ ಎಂದು ಅಂಗಡಿಯ ಗೋಡೆಯ ಮೇಲೆ ಬರೆದಿತ್ತು. ಭಾಗ್ಯ ಒಂದೊಂದೇ ಜೇಬು ತಡಕಿ ಶರತ್ ತುರುಕಿಟ್ಟಿದ್ದ ಎರಡು ಬೆಣಚುಕಲ್ಲು, ಅರ್ಧ ಬಿಸ್ಕತ್ತು ತೆಗೆದಿದ್ದಳು. ಸೀರೆಗೆ ಜೇಬೆಲ್ಲಿಂದ ಬರಬೇಕು?

ಈಗ ಓಡಿಬಂದು ಬಾಗಿಲು ಎಳೆದರೆ ಅದು ಜಪ್ಪಯ್ಯ ಎನ್ನಲಿಲ್ಲ. ಒಳಗೆ ನೀರಿರುವಾಗ ಬಾಗಿಲು ತೆಗೆಯುವುದಿಲ್ಲ, ಇನ್ನೂ ಇಪ್ಪತ್ತೆಂಟು ನಿಮಿಷವಿದೆ ಎಂದು ಅಂಗಡಿಯ ಶಶಿಕಿರಣ್ ಮೊಬೈಲಿನಿಂದ ಕಣ್ಣೆತ್ತಿ ಹೇಳಿ ಮತ್ತೆ ಮೊಬೈಲಿಗೆ ಇಳಿದ. ಧನುಶ್ರೀಗೆ ಅಳು ಶುರುವಾಯಿತು. ಶರತ್ ಚಪ್ಪಾಳೆ ಹೊಡೆದ. ಚಲುವಮ್ಮ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಕಾಲುಂಗುರವನ್ನು ಇವತ್ತೇ ಮೊದಲು ಕಂಡವಳ ಹಾಗೆ ನೋಡುತ್ತಿದ್ದಳು.

"ಅತ್ತೆ, ಆ ಸೀರೇಲಿ ಏನಿತ್ತು?"

"ಅರಿಶ್ನ ಕಣವ್ವ. ಸೆರಗಿನ ಮೂಲೇಲಿ ಗಂಟು ಹಾಕಿದ್ದೆ. ಹೊಸ ಸೀರೆಗೆ ಒಸಿ ಅರಿಶ್ನ ಮುಟ್ಟಿಸ್ದೆ ಹೆಂಗುಡೋದು? ಅದ್ರಲ್ಲೂ ಬೋಳು ಬಿಳೀದು. ನಿಮ್ಮಾವ ಇನ್ನೂ ಅವ್ರೆ."

"ಒಸಿ ಅಂದ್ರೆ ಎಷ್ಟು?"

"ಒಂದ್ ಹಿಡಿ."

ಸೋಪಿನ ನೀರಿಗೆ ಹಿಡಿ ಅರಿಶಿನ ಬಿದ್ದರೆ ಓಕುಳಿಯಾಗದೆ ಇನ್ನೇನಾಗುತ್ತದೆ? ಬಾಗಿಲು ತೆರೆದಾಗ ಕೆಂಪೇನೋ ಹೋಗಿತ್ತು. ಸೀರೆ, ಶರ್ಟು, ಫ್ರಾಕು, ಪಂಚೆ ಎಲ್ಲವೂ ಚಿತ್ರಾನ್ನದ ಬಣ್ಣಕ್ಕೆ ಬಂದಿದ್ದವು. ಇನ್ನೊಂದು ಸಲ ತಿರುಗಿಸಿದರು. ಹಳದಿ ಮೂಲೆಮೂಲೆಗೂ ಸಮನಾಗಿ ಹರಡಿಕೊಂಡಿತು, ಅಷ್ಟೇ. ಒಣಗಿಸಿ ತೆಗೆಯುವಾಗ ಎರಡೂವರೆ ದಾಟಿತ್ತು. ತಾನು ಮೈಕು ಮುಟ್ಟುವುದಿಲ್ಲ ಎಂದು ಧನುಶ್ರೀ ನೆಲದ ಮೇಲೆ ಕೂತಳು. ಭಾಗ್ಯಳ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಇನ್ನು ಹಳೆಯ ಸೀರೆಯೇ ಗತಿ, ಅತ್ತೆಗೆ ಬಾಗಿಲೇ ಗತಿ, ಆರು ವರ್ಷದ ಆಸೆ ನೀರಲ್ಲಿ ಹೋಮ ಎಂದು ಹೇಳಿಬಿಡೋಣವೆಂದು ತಿರುಗಿದಳು.

ಚಲುವಮ್ಮ ಆಗಲೇ ಸೀರೆ ಬಿಡಿಸಿ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು. ಮಿಷನ್ನಿನ ಗಾಜಿನಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಳ್ಳುತ್ತಿದ್ದಳು. ಮೊಮ್ಮಕ್ಕಳು ಹುಟ್ಟಿದಾಗ ಬಿಟ್ಟರೆ ಆ ಮುಖದಲ್ಲಿ ಅಷ್ಟು ಸಂತೋಷವನ್ನು ಭಾಗ್ಯ ಕಂಡಿರಲೇ ಇಲ್ಲ.

"ಇದಾದ್ರೆ ಮನಸಾರ ಉಡ್ತೀನಿ ಕಣವ್ವ," ಎಂದಳು ಚಲುವಮ್ಮ.

ಭಾಗ್ಯಳಿಗೆ ನಗು ಬಂದುಬಿಟ್ಟಿತು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಎಲ್ಲರೂ ಇದನ್ನೇ ಉಡುವುದು, ಅಪ್ಪ ತಾತನಿಗೂ ಇದೇ, ನೀನೊಬ್ಬಳೇ ಅಲ್ಲ ಎಂದು ಮಗಳ ಕಣ್ಣೊರೆಸಿ ಎಬ್ಬಿಸಿದಳು.

ಭವನದ ತುಂಬ ಬಿಳಿ. ಅದರ ನಡುವೆ ಜವರಪ್ಪ, ಬಟ್ಟೆ ಬದಲಿಸಲು ಮನೆಗೆ ಬಂದಿದ್ದ ಭೀಮರಾಜ್ ಇಬ್ಬರೂ ಸೇರಿ ಹಳದಿಯ ಆರು ಜನ ಸಾಲಾಗಿ ನಡೆದುಬಂದಾಗ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಲತಾಮಣಿ ಕಣ್ಣು ಬಾಯಿ ಬಿಟ್ಟು ನಿಂತಳು. ಅವಳು ಕೇಳುವ ಮೊದಲೇ ಭಾಗ್ಯ, ಇದು ನಮ್ಮತ್ತೆ ಆರಿಸಿದ ಬಣ್ಣ ಎಂದು ಹೇಳಿ ಮುಂದಕ್ಕೆ ಹೋದಳು. ಚಲುವಮ್ಮ ಬಾಗಿಲನ್ನು ತಿರುಗಿಯೂ ನೋಡದೆ ಮೊದಲ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂತಳು. ಧನುಶ್ರೀ ಅಜ್ಜಿಯ ಮುಖವನ್ನೇ ನೋಡುತ್ತ ಒಂದಕ್ಷರವೂ ತಪ್ಪದೆ ಪಂಚಶೀಲ ಹೇಳಿದಳು.

ಆಮೇಲೆ ವೇದಿಕೆಗೆ ಭಂತೇಜಿ ಬಂದರು. ತಲೆ ಬೋಳಿಸಿದ ವಯಸ್ಸಾದ ಭಿಕ್ಷು, ಮೈ ತುಂಬ ಹೊದ್ದ ಹಳದಿ ಬಟ್ಟೆ. ಇಡೀ ಸಭೆ ಎದ್ದು ಕೈಮುಗಿದು ಸದ್ದಿಲ್ಲದೆ ನಿಂತಿತು. ಬಾಗಿಲಿನಿಂದ ಇಷ್ಟು ವರ್ಷ ಅವರ ತಲೆ ಬಿಟ್ಟು ಬೇರೇನೂ ಕಾಣದಿದ್ದ ಚಲುವಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ತನ್ನ ಸೆರಗು ನೋಡಿಕೊಂಡಳು, ಸೊಸೆಯನ್ನು ಮೊಣಕೈಯಿಂದ ಮೆಲ್ಲಗೆ ತಿವಿದಳು.

"ಭಾಗ್ಯ, ಈ ಸ್ವಾಮ್ಗಳೂ ಅದೇ ಅಂಗ್ಡೀಗೇ ಬಟ್ಟೆ ಹಾಕವ್ರೇನವ್ವಾ?"