ಪಾರ್ಕಿಗೆ ಬರುವ ಗಂಡು

ಅಪ್ಪ ತೀರಿಕೊಂಡ ಮೇಲೆ ಅಮ್ಮ ಪ್ರತಿ ಭಾನುವಾರ ಅವಳನ್ನು ಈ ಪಾರ್ಕಿಗೆ ಕರೆತರುತ್ತಿದ್ದಳು. ಅವಳು ಜಾರುಬಂಡೆಯಲ್ಲಿ ಜಾರಿ ಜಾರಿ ಲಂಗ ಹರಿದುಕೊಳ್ಳುತ್ತಿದ್ದರೆ, ಅಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಸ್ವೆಟರ್ ಹೆಣೆಯುತ್ತಿದ್ದಳು, ಅತ್ತಿತ್ತ ನೋಡುತ್ತಿರಲಿಲ್ಲ. ಇವತ್ತು ಅದೇ ಅಮ್ಮ ಕುಳಿತಲ್ಲಿ ಕೂರಲಾರದೆ ಗೇಟಿನ ಕಡೆಗೇ ನೋಡುತ್ತಿದ್ದಳು.

"ಮನೆಗೆ ಕರೆಸಿದ್ರೆ ನಾನು ಎದ್ದು ಹೋಗ್ತೀನಿ ಅಂತ ಇಲ್ಲಿಗೆ ಕರೆಸಿದ್ದೀಯ, ಅಲ್ವಾ?" ಎಂದಳು ಮಗಳು. ಈಗೀಗ ಹೆಣ್ಣು ನೋಡುವ ಶಾಸ್ತ್ರ ಪಾರ್ಕಿನಲ್ಲೇ ನಡೆಯುವುದು ಅವಳಿಗೆ ಗೊತ್ತಿತ್ತು. "ಉಪ್ಪಿಟ್ಟು, ಕೇಸರಿಬಾತ್ ಇಲ್ದೇನೂ ಬರ್ತಾರಾ ಇವ್ರು?"

"ಡಬ್ಬೀಲಿ ತಂದಿದ್ದೀನಿ."

"ಯಾರೇ ಬರ್ಲಿ, ನಾನು ಬೇಡ ಅಂತೀನಿ."

"ನೋಡ್ದೇನೇ ಬೇಡ ಅನ್ಬೇಡ್ವೇ. ಒಂದ್ಸಲ ಮಾತಾಡ್ಸು."

ಅಷ್ಟರಲ್ಲಿ ನರೆಗೂದಲಿನವರೊಬ್ಬರು ಗೇಟು ದಾಟಿ ಬಂದು, ಇಬ್ಬರಿಗೂ ಕೈಮುಗಿದು, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತ ನಿಂತರು. ಹುಡುಗನ ಅಪ್ಪ ಇರಬೇಕು. ಅವಳು ಅವರ ಬೆನ್ನ ಹಿಂದೆ ಕಣ್ಣಾಡಿಸಿದಳು. ಯಾರೂ ಕಾಣಲಿಲ್ಲ.

"ಹುಡುಗ ಎಲ್ಲಮ್ಮ?"

ಅಮ್ಮ ಸೆರಗು ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು: "ಹುಡುಗ ಯಾರೂ ಇಲ್ಲ ಕಣೆ, ಇವರೇ. ನೀನು ಬೇಡ ಅಂದ್ರೆ ನಾನು ಮದುವೆ ಆಗಲ್ಲ."