ಮೇಸ್ತ್ರಿಯ ಸಾಕ್ಷಿ

"ಹಡಗು ಮರಳಲ್ಲಿ ಹೂತುಕೊಂಡ್ಮೇಲೆ ಅದಕ್ಕೆ ಬೆಂಕಿ ಯಾಕೆ ಇಡ್ಲಿಲ್ಲ?" ನ್ಯಾಯಾಧಿಪತಿಗಳು ಮೂರನೆಯ ಸಲ ಕೇಳಿದರು.

"ಒಳಗೆ ಗಾಯ ಆದ ಹುಟ್ಟು ಹಾಕೋರು ಮೂವತ್ತು ಜನ ಇದ್ರು, ಒಡೆಯ. ಅವರನ್ನ ಹೊತ್ತು ಹೊರಗೆ ಹಾಕೋಷ್ಟರಲ್ಲಿ ರೋಮಿನವರು ಬಂದ್ಬಿಟ್ರು," ಎಂದ ಕಪ್ತಾನ ಶಫಾತ್, ಅವನೂ ಮೂರನೆಯ ಸಲ.

ಹಡಗನ್ನು ಇಡಿಯಾಗಿ ಶತ್ರುವಿಗೆ ಬಿಟ್ಟು ಬಂದ ಕಪ್ತಾನನಿಗೆ ಕಾರ್ಥೇಜಿನಲ್ಲಿ ಶಿಲುಬೆಯೇ ಗತಿ. ಆ ಹಡಗಿನಿಂದ ಊರಿಗೆ ಯಾವ ಕೇಡೂ ಇಲ್ಲವೆಂದು ತಿಳಿದವರು ಯಾರಾದರೂ ಹೇಳಿದರೆ ಮಾತ್ರ ಉಳಿಗಾಲ. ಹಾಗೆ ಹೇಳಲೆಂದೇ ಅವನ ಮಾವ ಅರಿಷ್ ಬಂದು ನಿಂತಿದ್ದ. ಊರಿನ ಯುದ್ಧದ ಹಡಗುಗಳನ್ನೆಲ್ಲ ಕಟ್ಟಿಸಿದ ದೊಡ್ಡ ಮೇಸ್ತ್ರಿ ಅವನೇ. ಅವನ ಮಾತಿಗೆ ಎದುರಾಡುವವರು ಆ ಸಭೆಯಲ್ಲಿ ಇರಲಿಲ್ಲ.

ಅರಿಷ್‌ಗೆ ಒಂಚೂರೂ ಅಳುಕಿರಲಿಲ್ಲ. "ಅಳ್ಬೇಡ ಸುಮ್ನಿರು. ಜೇನು ಹಾಕಿ ಗಂಜಿ ಮಾಡಿಡು, ನಿನ್ ಗಂಡನ್ನ ಊಟಕ್ಕೆ ಕರ್ಕೊಂಡು ಬರ್ತೀನಿ," ಎಂದು ಬೆಳಿಗ್ಗೆ ಮಗಳು ಶಿಬುಲೆತ್‌ಗೆ ಹೇಳಿದ್ದ. ಅವಳು ಮನೆಯಲ್ಲಿ ಕೂರದೆ ಸಭೆಗೇ ಬಂದಿದ್ದಳು. ಹಿಂದೆ ಕಂಬ ಹಿಡಿದು ನಿಂತಿದ್ದಳು.

"ಒಡೆಯ, ರೋಮಿನವರು ನೇಗಿಲು ಹಿಡಿಯೋ ಜನ. ದೋಣಿ ಹತ್ತಿದ್ರೆ ವಾಂತಿ ಮಾಡ್ಕೋತಾರೆ. ನಮ್ಮ ಹಡಗು ಸಿಕ್ಕಿದ್ರೂ ಏನ್ ಮಾಡ್ತಾರೆ? ಹೆಚ್ಚಂದ್ರೆ ಒಡೆದು ಸೌದೆ ಮಾಡ್ಕೋತಾರೆ," ಎಂದ ಅರಿಷ್.

ಸಭೆಯ ಹಿರಿಯರು ನಕ್ಕರು. ದಾಳಿಂಬೆ ಬಿಡಿಸುತ್ತಿದ್ದ ಒಬ್ಬರು ಹೌದೌದೆಂದು ತಲೆಯಾಡಿಸಿದರು. ಬೆಳಗಿನಿಂದ ಬಿಗಿದುಕೊಂಡಿದ್ದ ಶಫಾತ್‌ನ ಭುಜ ಸ್ವಲ್ಪ ಸಡಿಲವಾಯಿತು.

"ಅದನ್ನೇ ನೋಡ್ಕೊಂಡು ಇನ್ನೊಂದು ಕಟ್ಟಿದ್ರೆ?" ಎಂದರು ನ್ಯಾಯಾಧಿಪತಿಗಳು.

"ಎಲ್ಲಿಂದ ಕಟ್ತಾರೆ? ಈ ಕೈ ಪಳಗೋಕೆ ನಲವತ್ತು ವರ್ಷ ಆಯ್ತು."

ನ್ಯಾಯಾಧಿಪತಿಗಳೂ ಮುಗುಳ್ನಕ್ಕರು. ಬಿಡುಗಡೆಯ ತೀರ್ಪು ಹೇಳಿ ಏಳಲಿದ್ದವರು ಹಾಗೇ ಒಂದು ಮಾತು ಕೇಳಿದರು. "ಅಲ್ಲ ಮೇಸ್ತ್ರಿ, ಹೋದ ವರ್ಷ ಎರಡೇ ತಿಂಗಳಲ್ಲಿ ಅರವತ್ತು ಹಡಗು ನೀರಿಗಿಳಿಸಿದ್ಯಲ್ಲ. ನಿನ್ ಹತ್ರ ಇದ್ದ ಬಡಗಿಗಳು ಇಪ್ಪತ್ತು ಜನ. ಹೇಗೆ ಸಾಧ್ಯ ಆಯ್ತು?"

ದೊಡ್ಡವರು ಯಾರಾದರೂ ಇದನ್ನೊಮ್ಮೆ ಕೇಳಲಿ ಎಂದು ಅರಿಷ್ ಎಷ್ಟು ದಿನದಿಂದ ಕಾದಿದ್ದನೋ. ಅವನ ಮುಖ ಅರಳಿತು.

"ಅದೇ ಒಡೆಯ ನನ್ನ ಕೈಚಳಕ. ಒಂದೊಂದು ಹಲಗೆ ಮೇಲೂ ಬಣ್ಣದಲ್ಲಿ ಅಲೆಫ್, ಬೇತ್ ಅಂತ ಅಕ್ಷರ ಬರೆಸ್ತೀನಿ. ಅಲೆಫ್ ಪಕ್ಕಕ್ಕೆ ಅಲೆಫ್, ಬೇತ್ ಪಕ್ಕಕ್ಕೆ ಬೇತ್. ತೊಲೆ ಎಲ್ಲಿ ಕೂರ್ಬೇಕು, ಗೂಟ ಎಲ್ಲಿ ಹೊಡೀಬೇಕು, ಎಲ್ಲಾ ಮರದ ಮೇಲೇ ಇರತ್ತೆ. ಅಷ್ಟಾದ್ಮೇಲೆ ಬಡಗಿ ಯಾಕೆ? ಆಲಿವ್ ತೋಟದ ಆಳುಗಳ ಕೈಲೇ ಜೋಡಿಸಿಬಿಟ್ಟೆ."

"ಅವರಿಗೆ ಓದೋಕೆ ಬರ್ತಿತ್ತಾ?"

"ಓದೋದ್ಯಾಕೆ ಒಡೆಯ? ಒಂದೇ ಥರ ಇರೋದನ್ನ ಪಕ್ಕಪಕ್ಕ ಇಟ್ರೆ ಆಯ್ತು. ಸಮುದ್ರದ ಮುಖಾನೇ ನೋಡದವನು, ನನ್ನದೊಂದು ಹಡಗು ಬಿಚ್ಚಿ ನೋಡಿದ್ರೆ ಸಾಕು, ನೂರು ಕಟ್ತಾನೆ."

ಹೊಗಳಿಕೆಗಾಗಿ ಅರಿಷ್ ಸಭೆಯತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ದಾಳಿಂಬೆ ಬಿಡಿಸುತ್ತಿದ್ದ ಕೈ ನಿಂತಿತ್ತು. ಶಫಾತ್ ತಲೆ ತಗ್ಗಿಸಿದ್ದ. ಹಿಂದೆ ಶಿಬುಲೆತ್ ಕಂಬಕ್ಕೆ ಒರಗಿಕೊಂಡೇ ನೆಲಕ್ಕೆ ಕುಸಿದಳು. ಆಗ ಅವನಿಗೆ ತಾನೇನು ಹೇಳಿದೆನೆಂದು ಅರ್ಥವಾಯಿತು.

"ಒಡೆಯ, ಆದ್ರೆ ರೋಮಿನವರು..." ಎಂದ.

"ಕೂತ್ಕೋ ಮೇಸ್ತ್ರಿ," ಎಂದರು ನ್ಯಾಯಾಧಿಪತಿಗಳು, ತುಂಬ ಮೆಲ್ಲಗೆ. "ನಿನ್ನ ಕೆಲಸದಲ್ಲಿ ಒಂದು ಕೊರತೆಯೂ ಇಲ್ಲ."